ಸ್ಪೇನಿಗೆ ಪಾಸ್ ಕಲಿಸಿದ ಗುಂಡು ಟೋಪಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಸ್ಪೇನ್ ಫುಟ್‌ಬಾಲ್ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಚೆಂಡನ್ನು ನೆಲದ ಮೇಲೇ ಉರುಳಿಸುತ್ತಾ ಸಣ್ಣ ಸಣ್ಣ ಪಾಸ್ ಕೊಡುವ ಆಟ ಅಲ್ಲಿಗೆ ಬಂದದ್ದೇ ಬಾರ್ಸಿಲೋನಾದಲ್ಲಿ ಆಡಿ, ಕೋಚ್ ಕೂಡ ಆಗಿದ್ದ ಡಚ್ ಆಟಗಾರ ಯೋಹಾನ್ ಕ್ರೈಫ್ ಕಾಲಕ್ಕೆ ಅನ್ನೋ ಥರ ಬರೆದಿದ್ದೀರಿ. ನನ್ನ ತಕರಾರು ಇರುವುದು ಅಲ್ಲೇ. ಕ್ರೈಫ್ ಹುಟ್ಟಿದ್ದು 1947ರಲ್ಲಿ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲೇ ಸ್ಪೇನಿನ ಬಿಲ್ಬಾವೊ ಊರಿನಲ್ಲಿ ಒಬ್ಬರು ಈ ಪಾಠ ಶುರು ಮಾಡಿದ್ದರು. ಅದೂ ಇಂಗ್ಲೆಂಡಿನವರು. ಹೆಸರು ಫ್ರೆಡ್ ಪೆಂಟ್‌ಲ್ಯಾಂಡ್.

ಆಟಗಾರರಾಗಿ ಅವರದ್ದು ದೊಡ್ಡ ಹೆಸರೇನಲ್ಲ. ಬ್ಲ್ಯಾಕ್‌ಬರ್ನ್, ಮಿಡಲ್ಸ್‌ಬರೊ ಅಂತ ಕ್ಲಬ್ಬುಗಳಲ್ಲಿ ಆಡಿದರು. 1909ರಲ್ಲಿ ಇಂಗ್ಲೆಂಡ್ ಪರ ಐದು ಪಂದ್ಯ, ಅಷ್ಟೇ. 1914ರಲ್ಲಿ ಕೋಚ್ ಕೆಲಸಕ್ಕೆಂದು ಜರ್ಮನಿಗೆ ಹೋದರು. ಹೋದ ಗಳಿಗೆ ನೋಡಿ! ಮೊದಲ ಮಹಾಯುದ್ಧ ಶುರುವಾಯಿತು. ಬರ್ಲಿನ್ ಪಕ್ಕದ ರೂಲೆಬೆನ್ ಅನ್ನೋ ಕುದುರೆ ರೇಸ್ ಮೈದಾನವನ್ನು ಜರ್ಮನ್ನರು ಸೆರೆ ಶಿಬಿರ ಮಾಡಿ, ಸಿಕ್ಕಿದ ಇಂಗ್ಲಿಷರನ್ನೆಲ್ಲ ಲಾಯಗಳಲ್ಲಿ ಕೂಡಿಹಾಕಿದರು. ಪೆಂಟ್‌ಲ್ಯಾಂಡ್ ಜೊತೆ ಅಲ್ಲಿ ಸೆರೆಯಲ್ಲಿದ್ದವರಲ್ಲಿ ಇಂಗ್ಲೆಂಡಿನ ಹೆಸರಾಂತ ಆಟಗಾರ ಸ್ಟೀವ್ ಬ್ಲೂಮರ್ ಕೂಡ ಒಬ್ಬರು. ಸೆರೆಯಲ್ಲೂ ಇವರು ಲೀಗ್ ನಡೆಸಿ ಫುಟ್‌ಬಾಲ್ ಆಡಿದರು.

ಬಿಡುಗಡೆಯಾದ ಮೇಲೆ 1920ರ ಒಲಿಂಪಿಕ್ಸ್‌ಗೆ ಫ್ರಾನ್ಸ್ ತಂಡದ ಕೋಚ್, ಆಮೇಲೆ ಸ್ಪೇನಿನ ಸಾಂತಾಂದೆರ್ ಕ್ಲಬ್, 1922ಕ್ಕೆ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್. ಅಲ್ಲಿಯವರೆಗೆ ಬಿಲ್ಬಾವೊದವರು ಚೆಂಡನ್ನು ದೂರಕ್ಕೆ ಒದ್ದು ಹಿಂದೆ ಓಡುತ್ತಿದ್ದರು. ಪೆಂಟ್‌ಲ್ಯಾಂಡ್ ಅದನ್ನು ಬಿಡಿಸಿದರು. ಮೊದಲ ದಿನ ಬೂಟಿನ ಲೇಸ್ ಕಟ್ಟುವುದನ್ನೇ ಹೇಳಿಕೊಟ್ಟರಂತೆ. ಕಥೆಯೋ ನಿಜವೋ, ಕೇಳಲಂತೂ ಚೆಂದ.

ನಡುವೆ ಮ್ಯಾಡ್ರಿಡ್ ಕಡೆ ಹೋಗಿ, 1929ಕ್ಕೆ ಬಿಲ್ಬಾವೊಗೆ ವಾಪಸ್ ಬಂದರು. 1929-30ರ ಲೀಗ್‌ನಲ್ಲಿ ತಂಡ 18 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಮುಂದಿನ ವರ್ಷವೂ ಲೀಗ್ ಅವರದ್ದೇ. ಸ್ಪೇನ್ ಕಪ್ಪಂತೂ 1930ರಿಂದ 1933ರವರೆಗೆ ಸತತ ನಾಲ್ಕು ಸಲ. 1931ರಲ್ಲಿ ಬಾರ್ಸಿಲೋನಾಗೆ ಹೊಡೆದದ್ದು 12-1! ಬಾರ್ಸಿಲೋನಾ ಇವತ್ತಿಗೂ ಅದಕ್ಕಿಂತ ದೊಡ್ಡ ಸೋಲು ಕಂಡಿಲ್ಲ. ಆ ಹನ್ನೆರಡರಲ್ಲಿ ಏಳು ಗೋಲು ಬಿಲ್ಬಾವೊ ಆಟಗಾರ ಬಾತಾ ಒಬ್ಬರದ್ದೇ.

ಪೆಂಟ್‌ಲ್ಯಾಂಡ್ ತಲೆ ಮೇಲೆ ಯಾವಾಗಲೂ ಗುಂಡು ಟೋಪಿ, ಬಾಯಲ್ಲಿ ಚುಟ್ಟ. ಜನ ಅವರನ್ನು ಟೋಪಿಯ ಹೆಸರಿನಿಂದಲೇ 'ಎಲ್ ಬೊಂಬಿನ್' ಅಂತ ಕರೆಯುತ್ತಿದ್ದರು. ದೊಡ್ಡ ಪಂದ್ಯ ಗೆದ್ದರೆ ತಂಡದ ಹುಡುಗರು ಆ ಟೋಪಿ ಕಿತ್ತು ತುಳಿದು ಅಪ್ಪಚ್ಚಿ ಮಾಡುತ್ತಿದ್ದರು. ಅವರು ಇನ್ನೊಂದು ಕೊಳ್ಳುತ್ತಿದ್ದರು.

1929ರ ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನ್ 4-3ರಿಂದ ಇಂಗ್ಲೆಂಡನ್ನು ಸೋಲಿಸಿತು. ಬ್ರಿಟನ್ನಿನ ಆಚೆಯ ತಂಡಕ್ಕೆ ಇಂಗ್ಲೆಂಡ್ ಸೋತದ್ದು ಅದೇ ಮೊದಲು. ಆ ಸ್ಪೇನ್ ತಂಡವನ್ನು ತಯಾರು ಮಾಡಿದ್ದರಲ್ಲಿ ಪೆಂಟ್‌ಲ್ಯಾಂಡ್ ಕೈಯೂ ಇತ್ತು. ತಮ್ಮ ದೇಶಕ್ಕೇ ಟೋಪಿ ಹಾಕಿದರು ಅನ್ನಬಹುದು, ಅಲ್ವಾ? (1931ರಲ್ಲಿ ಇಂಗ್ಲೆಂಡ್ 7-1ರಿಂದ ಬಡ್ಡಿ ಸಮೇತ ತೀರಿಸಿಕೊಂಡಿತು ಅನ್ನುವುದನ್ನೂ ಹೇಳಿಬಿಡಬೇಕು.)

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಗಿ ಪೆಂಟ್‌ಲ್ಯಾಂಡ್ ಇಂಗ್ಲೆಂಡಿಗೆ ಮರಳಿದರು. ಇಷ್ಟೆಲ್ಲ ಗೆದ್ದು ಬಂದ ಮನುಷ್ಯನಿಗೆ ಅಲ್ಲಿ ಸಿಕ್ಕಿದ್ದು ಮೂರನೇ ದರ್ಜೆಯ ಬ್ಯಾರೊ ಕ್ಲಬ್. ಬಿಲ್ಬಾವೊದವರು ಮಾತ್ರ ಮರೆಯಲಿಲ್ಲ. 1959ರಲ್ಲಿ ಅವರನ್ನು ಕರೆಸಿ, ಅವರ ಗೌರವಕ್ಕೆಂದೇ ಚೆಲ್ಸಿ ವಿರುದ್ಧ ಪಂದ್ಯ ಆಡಿದರು.

ಮುಂದಿನ ಸಲ ಸ್ಪೇನ್ ಬಗ್ಗೆ ಬರೆಯುವಾಗ ಇವರದ್ದೂ ಒಂದು ಫೋಟೋ ಹಾಕಿ. ಟೋಪಿ ಸಮೇತ.

ಇತಿ,
ಫುಟ್‌ಬಾಲ್ ಹುಚ್ಚಿನ ಹಳೇ ಓದುಗ,
ಆಸ್ಟಿನ್ ಟೌನ್, ಬೆಂಗಳೂರು