ಪೋಷಕರಿಗೆ ಪತ್ರ: ಡೈರಿಗೆ ಅಜ್ಜ-ಅಜ್ಜಿಯೂ ಸಹಿ ಹಾಕಬಹುದು

ಪ್ರಿಯ ಪೋಷಕರೇ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜ-ಅಜ್ಜಿಯರೇ,

ನಮಸ್ಕಾರ.

ನಮ್ಮ ಹಲವು ಮಕ್ಕಳನ್ನು ಬೆಳಗ್ಗೆ ಎಬ್ಬಿಸಿ ಶಾಲೆಗೆ ಹೊರಡಿಸುವವರು ಅಜ್ಜ-ಅಜ್ಜಿ. ಕೆಲವರ ಅಪ್ಪ-ಅಮ್ಮ ಕೆಲಸಕ್ಕಾಗಿ ದೂರದಲ್ಲಿದ್ದಾರೆ. ಇನ್ನು ಕೆಲವರಿಗೆ ಅಜ್ಜ-ಅಜ್ಜಿಯೇ ಎಲ್ಲ. ಕಾರಣ ನಮಗೆ ಹೇಳಬೇಕಾಗಿಲ್ಲ. ಮಗುವಿಗೆ ಜ್ವರ ಬಂದರೆ ಮೊದಲು ಯಾರಿಗೆ ಫೋನ್ ಮಾಡಬೇಕು, ಸಂಜೆ ಕರೆದೊಯ್ಯಲು ಯಾರು ಬರುತ್ತಾರೆ, ಇಷ್ಟು ಗೊತ್ತಾದರೆ ಸಾಕು. ಡೈರಿಯಲ್ಲಿಟ್ಟಿರುವ ಫಾರಂನಲ್ಲಿ ಅವರ ಹೆಸರು, ನಂಬರ್ ಬರೆದು ಕಳಿಸಿ. ಅಪ್ಪ-ಅಮ್ಮ ದೂರದಲ್ಲಿದ್ದರೆ, ತುರ್ತು ಚಿಕಿತ್ಸೆಗೆ ಒಪ್ಪಿಗೆ ಪತ್ರವನ್ನೂ ಸಹಿ ಹಾಕಿ ಅಜ್ಜ-ಅಜ್ಜಿಯ ಕೈಗೆ ಕೊಟ್ಟಿರಿ.

ಪೋಷಕರ ಸಭೆಗೆ "ನಾನು ಬರೀ ಅಜ್ಜಿ" ಎಂದು ಯಾರೂ ಹಿಂಜರಿಯಬೇಡಿ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 5ನೇ ವಿಧಿ ಅಪ್ಪ-ಅಮ್ಮನ ಜೊತೆಗೆ ಕುಟುಂಬದ ಹಿರಿಯರ ಜವಾಬ್ದಾರಿಗೂ ಜಾಗ ಕೊಟ್ಟಿದೆ. ನಾವು ಕೊಡದಿದ್ದರೆ ಹೇಗೆ, ಅಲ್ವಾ?

ಹೆಚ್ಚು ಜಗಳ ಹುಟ್ಟುವುದು ಹೋಂವರ್ಕ್‌ನಲ್ಲಿ. 52ರಲ್ಲಿ 38 ಕಳೆಯಬೇಕು ಅಂದುಕೊಳ್ಳಿ. ಅಜ್ಜ ಪಕ್ಕದ ಹತ್ತರ ಸ್ಥಾನದಿಂದ ಸಾಲ ತಂದು ಕಳೆಯುತ್ತಾರೆ. ಮಗು 38ರಿಂದ 40ಕ್ಕೆ 2, 40ರಿಂದ 52ಕ್ಕೆ 12, ಒಟ್ಟು 14 ಎನ್ನುತ್ತದೆ. ಎರಡೂ ಸರಿ. "ನಿಮ್ಮ ಟೀಚರ್‌ಗೆ ಗೊತ್ತಿಲ್ಲ" ಎನ್ನುವ ಮೊದಲು "ನೀನು ಹೇಗೆ ಮಾಡಿದೆ, ನನಗೂ ತೋರಿಸು" ಎಂದು ಕೇಳಿ. ಹೇಳಿಕೊಡುವಾಗ ಮಗುವಿಗೆ ಲೆಕ್ಕ ಇನ್ನೂ ಗಟ್ಟಿಯಾಗುತ್ತದೆ. ಓದಲು ಬಾರದ ಅಜ್ಜಿಯೂ ಇಷ್ಟನ್ನು ಮಾಡಬಹುದು.

ವಯಸ್ಸಾದಂತೆ ಸಾಮಾನ್ಯವಾಗಿ ಕಿವಿಗೆ ಮೊದಲು ಕೇಳಿಸದಾಗುವುದು ತೆಳುವಾದ ಶಬ್ದಗಳು. ಮಕ್ಕಳ ದನಿಯೂ ಅಂಥದ್ದೇ. ಮಗು ಏನಾದರೂ ಹೇಳಲು ಬಂದಾಗ ಟಿವಿ ಆರಿಸಿ, ಮುಖ ನೋಡಿ ಕೇಳಿಸಿಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮಾತ್ರ ದಯವಿಟ್ಟು ದಿಂಬಿನ ಕೆಳಗೆ ಇಡಬೇಡಿ. ಹಿರಿಯರ ಒಂದೆರಡು ಮಾತ್ರೆಯೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ ತರಬಹುದು. ಬೀಗ ಹಾಕಿ, ಎತ್ತರದಲ್ಲಿಡಿ.

ದೂರದಲ್ಲಿರುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಅಜ್ಜಿ ಮೊಬೈಲ್ ಬೇಡ ಎಂದಾಗ, ಮಗು ಫೋನ್‌ನಲ್ಲಿ ಅತ್ತಿತೆಂದು ನೀವು ಸುಮ್ನೆ "ಕೊಟ್ಟುಬಿಡಿ" ಎನ್ನಬೇಡಿ. ಮರುದಿನದಿಂದ ಅಜ್ಜಿಯ ಮಾತು ನಡೆಯುವುದಿಲ್ಲ. ಭಿನ್ನಾಭಿಪ್ರಾಯ ಇದ್ದರೆ ಮಗು ಮಲಗಿದ ಮೇಲೆ ಮಾತಾಡಿ. ಮತ್ತೆ, ಮಗುವಿನ ಹಿಂದೆ ಓಡುವುದು ಆ ವಯಸ್ಸಿನಲ್ಲಿ ಸುಲಭವಲ್ಲ. ರಜೆಗೆ ಬಂದಾಗ ಅವರ ಮಂಡಿನೋವು, ಕಣ್ಣಿನ ತಪಾಸಣೆ ಕಡೆಗೂ ಗಮನ ಕೊಡಿ.

ಮುಂದಿನ ಪೋಷಕರ ಸಭೆಯಲ್ಲಿ ನೆಲಮಹಡಿಯ ಕೋಣೆಯಲ್ಲೇ ಕೂರೋಣ. ಮೆಟ್ಟಿಲು ಹತ್ತಬೇಕಾಗಿಲ್ಲ.

ಇತಿ,
ಮುಖ್ಯೋಪಾಧ್ಯಾಯಿನಿ