ಜಾಲಿ ಬೀಜ ಸತ್ತಿಲ್ಲ, ನೀರು ಬಿಸಿ ಮಾಡಿ

ಮಾನ್ಯ ಸಂಪಾದಕರೇ,

ವನಮಹೋತ್ಸವಕ್ಕೆ ಇನ್ನು ಎರಡು ತಿಂಗಳೂ ಇಲ್ಲ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿ ಅವರು ಶುರು ಮಾಡಿದ ಗಿಡ ನೆಡುವ ಹಬ್ಬ ಅದು. ಜುಲೈನಲ್ಲಿ ಶಾಲೆ ಮಕ್ಕಳ ಕೈಗೆ ಒಂದೊಂದು ಗಿಡ ಕೊಡುತ್ತಾರೆ, ಆದರೆ ಅದು ಎಲ್ಲಿಂದ ಬಂತು, ಹೇಗೆ ಹುಟ್ಟಿತು ಅಂತ ಮಕ್ಕಳಿಗೆ ಗೊತ್ತಿರುವುದಿಲ್ಲ. ನನ್ನ ಕೋರಿಕೆ ಇಷ್ಟೇ. ಈಗಲೇ ಅವರಿಗೆ ಬೀಜ ಕೊಡಿ. ಅದೂ ನಮ್ಮ ಕರಿಜಾಲಿ ಬೀಜ.

ನಾನಿರುವುದು ಅರಸೀಕೆರೆ ಕಡೆ. ಇಲ್ಲಿ ಕೆರೆ ಅಂಗಳದಲ್ಲಿ ಜಾಲಿ ಮರ ಇನ್ನೂ ಇವೆ, ನೀರಿನ ಮೇಲೆ ಬಾಗಿದ ಕೊಂಬೆಗಳಿಗೆ ಗೀಜಗ ಗೂಡು ಕಟ್ಟುತ್ತದೆ. ಗಾಡಿ ಚಕ್ರಕ್ಕೆ, ನೇಗಿಲಿಗೆ, ಹಲ್ಲುಜ್ಜುವ ಕಡ್ಡಿಗೆ ಎಲ್ಲದಕ್ಕೂ ಜಾಲಿಯೇ ಬೇಕಿತ್ತು. ಈಗ ಕಾಯಿ ಒಣಗಿ ಉದುರುವ ಕಾಲ. ಮಣಿ ಪೋಣಿಸಿದ ಹಾಗೆ ಇರುವ ಬೂದು ಬಣ್ಣದ ಕಾಯಿ, ಒಂದೊಂದು ಮಣಿಯಲ್ಲಿ ಒಂದೊಂದು ಬೀಜ.

ಹೋದ ವರ್ಷ ಮೊಮ್ಮಗಳ ಜೊತೆ ಇಪ್ಪತ್ತು ಬೀಜ ಆರಿಸಿ ತಂದು ಸುಮ್ನೆ ಕುಂಡಕ್ಕೆ ಹಾಕಿದೆ. ಹದಿನೈದು ದಿನ ಆದರೂ ಎರಡೇ ಮೊಳೆತವು. ಬೀಜ ಸತ್ತಿದೆ ಅಂದುಕೊಂಡೆ. ಕುರಿ ಕಾಯುವ ಪಕ್ಕದ ಮನೆಯ ಅಜ್ಜ ಬಂದು ನೋಡಿ, "ರೊಪ್ಪದಲ್ಲಿ ಹಿಕ್ಕೆ ಜೊತೆ ಬಿದ್ದ ಬೀಜ ತಾನೇ ಹುಟ್ಟುತ್ತೆ ಕಣಮ್ಮ, ಅದರ ಸಿಪ್ಪೆ ಗಟ್ಟಿ, ಮೇಕೆ ಹೊಟ್ಟೇಲಿ ಮೆತ್ತಗಾಗುತ್ತೆ" ಅಂದರು. ಅಷ್ಟು ಸಾಕಾಯಿತು. ನೀರು ಕುದಿಸಿ, ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು, ಬೀಜದ ಮೇಲೆ ಸುರಿದು ರಾತ್ರಿಯಿಡೀ ಹಾಗೇ ಇಟ್ಟೆ. ಬೆಳಿಗ್ಗೆ ನೋಡಿದರೆ ಕೆಲವು ಉಬ್ಬಿ ಎರಡರಷ್ಟು ದಪ್ಪ ಆಗಿದ್ದವು, ಕೆಲವು ಹಾಗೇ ಕಲ್ಲಿನಂತೆ ಇದ್ದವು. ಉಬ್ಬದ ಬೀಜದ ಸಿಪ್ಪೆಯನ್ನು ಉಗುರು ಕತ್ತರಿಸುವ ಕಟರ್‌ನಿಂದ ಒಂದು ಕಡೆ ಚೂರೇ ಚೂರು ಕತ್ತರಿಸಿ ಮತ್ತೆ ನೆನೆ ಹಾಕಿದೆ. ಕಾಯಿಗೆ ಅಂಟಿಕೊಂಡಿದ್ದ ಕಡೆ ಮಾತ್ರ ಕತ್ತರಿಸಬಾರದು, ಮೊಳಕೆ ಅಲ್ಲೇ ಇರುತ್ತದೆ.

ಜಾಲಿಯ ತಾಯಿಬೇರು ಗಿಡಕ್ಕಿಂತ ಬೇಗ ಇಳಿಯುತ್ತದೆ, ಅದಕ್ಕೆ ಅಗಲದ ಕುಂಡಕ್ಕಿಂತ ಆಳದ್ದು ಬೇಕು. ಒಂದು ಲೀಟರ್ ಹಾಲಿನ ಕವರ್ ತಳಕ್ಕೆ ತೂತು ಮಾಡಿದರೆ ಸಾಕು. ಕೆಂಪು ಮಣ್ಣು, ಸ್ವಲ್ಪ ಮರಳು, ಹಳೇ ಕುರಿಗೊಬ್ಬರ, ಜೊತೆಗೆ ಯಾವುದಾದರೂ ಜಾಲಿ ಮರದ ಬುಡದ ಒಂದು ಹಿಡಿ ಮಣ್ಣು. ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದಿಡುವ ಬ್ಯಾಕ್ಟೀರಿಯಾ ಆ ಮಣ್ಣಿನಲ್ಲಿರುತ್ತದೆ. ಬೀಜ ಜಾಸ್ತಿ ಆಳಕ್ಕೆ ಹೋಗಬಾರದು, ನೀರು ನಿಲ್ಲಬಾರದು. ನೀರು ಹೆಚ್ಚಾದರೆ ಸಸಿ ಬುಡದಲ್ಲೇ ಕೊಳೆತು ಮಲಗುತ್ತದೆ, ನನ್ನವು ನಾಲ್ಕು ಹಾಗೇ ಹೋದವು.

ಅದೇ ಹೊತ್ತಿಗೆ ನೆಂಟರೊಬ್ಬರು ಮೂಡಿಗೆರೆ ಕಡೆಯಿಂದ ಅಕೇಶಿಯಾ ಬೀಜ ತಂದಿದ್ದರು, ಅದನ್ನೂ ಒಂದು ಕವರ್‌ಗೆ ಹಾಕಿದೆವು. ಮೊದಲು ಬಂದ ಎಲೆ ಥೇಟ್ ಜಾಲಿಯದ್ದೇ, ಸಣ್ಣ ಸಣ್ಣ ಗರಿ. ಆಮೇಲೆ ದಿನ ಕಳೆದಂತೆ ಎಲೆಯ ತೊಟ್ಟೇ ಚಪ್ಪಟೆಯಾಗಿ ಅಗಲವಾಗಿ ಕುಡುಗೋಲಿನ ಹಾಗೆ ಆಯಿತು, ತುದಿಯಲ್ಲಿದ್ದ ಗರಿ ಉದುರಿಹೋಯಿತು. ದೊಡ್ಡ ಅಕೇಶಿಯಾ ಮರದಲ್ಲಿ ನಾವು ಎಲೆ ಅನ್ನುವುದು ಆ ತೊಟ್ಟನ್ನೇ. ಮೊಮ್ಮಗಳು ದಿನಾ ಶಾಲೆಯಿಂದ ಬಂದ ಕೂಡಲೇ ಚೀಲ ಎಸೆದು ಅದನ್ನೇ ನೋಡುತ್ತಿದ್ದಳು. ಪುಸ್ತಕದಲ್ಲಿ ಓದಿದರೆ ಇದು ಮನಸ್ಸಿನಲ್ಲಿ ನಿಲ್ಲುತ್ತದೆಯೇ?

ಆದರೆ ನೆಡುವಾಗ ಜಾಲಿಯನ್ನೇ ನೆಡಿ. ಅಕೇಶಿಯಾ ಆಸ್ಟ್ರೇಲಿಯಾ ಕಡೆಯದ್ದು, ಮಲೆನಾಡಿನಲ್ಲಿ ಅದನ್ನು ಸಾಲುಸಾಲಾಗಿ ನೆಟ್ಟು ಏನಾಗಿದೆ ಅಂತ ಅಲ್ಲಿನವರಿಗೆ ಗೊತ್ತು. ನಮ್ಮ ಜಾಲಿಯೂ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಹುಲ್ಲುಗಾವಲಿನಲ್ಲಿ ದೊಡ್ಡ ಕಳೆಯಾಗಿ ಹಬ್ಬಿದೆ. ಎಲ್ಲಿಯದು ಅಲ್ಲಿದ್ದರೇ ಚೆಂದ ಅಲ್ವಾ?

ಈಗ ಬಿತ್ತಿದರೆ ಹಿಂಗಾರು ಮಳೆಗೆ ನೆಡುವಷ್ಟು ಗಿಡ ಆಗುತ್ತದೆ. ಮನೆಯಲ್ಲೇ ಇಟ್ಟುಕೊಳ್ಳಲು ಆಗದು, ಮುಳ್ಳು ಬರುತ್ತದೆ, ಬೇರು ಕವರ್ ಹರಿಯುತ್ತದೆ. ನಮ್ಮವು ಒಂಬತ್ತನ್ನು ಹೋದ ಸೆಪ್ಟೆಂಬರ್‌ನಲ್ಲಿ ಕೆರೆ ಅಂಚಿಗೆ ನೆಟ್ಟೆವು. ಮೂರನ್ನು ಮೇಕೆ ತಿಂದವು, ಆರು ಉಳಿದಿವೆ. ಈ ಸಲ ಸುತ್ತ ಜಾಲಿ ಮುಳ್ಳಿನ ಕೊಂಬೆಯನ್ನೇ ಒತ್ತಾಗಿ ಕಟ್ಟಬೇಕು ಅಂತ ಮೊಮ್ಮಗಳು ಈಗಲೇ ಹೇಳಿಟ್ಟಿದ್ದಾಳೆ.

– ಓದುಗರೊಬ್ಬರು, ಅರಸೀಕೆರೆ