ವಿಜ್ಞಾನದ ಪಾಠ ಹೊಲದ ಬದುವಿಗೂ ಬರಲಿ

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಯ ಹಳ್ಳಿ ಶಾಲೆಗಳ ಕಾಂಪೌಂಡಿನಾಚೆಯೇ ಭತ್ತ, ರಾಗಿ, ಕಬ್ಬು ಬೆಳೆಯುತ್ತಿದ್ದರೂ ಮಕ್ಕಳು ಬೇರನ್ನೂ ಎಲೆಯನ್ನೂ ಪುಸ್ತಕದ ಚಿತ್ರದಲ್ಲೇ ನೋಡಿ ಕಲಿಯುತ್ತಿದ್ದಾರೆ. ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆಂದೇ ಅಂಕಗಳಿವೆ, ನಿಜ. ಆದರೆ ಅವು ಎಷ್ಟೋ ಕಡೆ ಅಂಗಡಿಯಿಂದ ತಂದ ಚಾರ್ಟಿಗೂ ಥರ್ಮೋಕೋಲ್ ಮಾದರಿಗೂ, ಅಂದರೆ ರಾತ್ರಿಯಿಡೀ ಅಂಟು ಹಚ್ಚಿದ ಪೋಷಕರಿಗೇ ಸಲ್ಲುತ್ತಿವೆ.

ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತದೆ, ಅಂದರೆ ಗಿಡ ಬಳಸಬಲ್ಲ ರೂಪಕ್ಕೆ ತರುತ್ತದೆ, ಎಂಬ ವಾಕ್ಯವನ್ನು ಎಂಟನೇ ತರಗತಿಯ ಮಗು ತಪ್ಪಿಲ್ಲದೆ ಒಪ್ಪಿಸುತ್ತದೆ. ಅದೇ ಮಗುವಿನ ಕೈಯಲ್ಲಿ ಹೂ ಬಿಡುವ ಹಂತದ ಅಲಸಂದೆ ಗಿಡವೊಂದನ್ನು, ಜಗ್ಗಿ ಕೀಳದೆ, ಗುದ್ದಲಿಯಿಂದ ಮಣ್ಣು ಸಡಿಲಿಸಿ ಎತ್ತಿಸಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆಸಿದರೆ ಬೇರಿನುದ್ದಕ್ಕೂ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಗಂಟೊಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಬ್ಯಾಕ್ಟೀರಿಯಾ ಕೆಲಸದಲ್ಲಿ ತೊಡಗಿದೆಯೆಂದೂ, ಹಸಿರಾಗಿದ್ದರೆ ಗಂಟಿನ ಕಾಲ ಮುಗಿದಿದೆಯೆಂದೂ ತಿಳಿಯಬಹುದು. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿ. ಪಕ್ಕದ ರಾಗಿ ಗಿಡದ ಬೇರಿನಲ್ಲಿ ಇಂಥ ಗಂಟುಗಳಿಲ್ಲದಿರುವುದನ್ನೂ, ಯೂರಿಯಾ ಧಾರಾಳವಾಗಿ ಚೆಲ್ಲಿದ ಹೊಲದ ಅಲಸಂದೆಯಲ್ಲಿ ಗಂಟು ಕಡಿಮೆಯಾಗಿರುವುದನ್ನೂ ಹೋಲಿಸಿ ನೋಡಿದ ಮಗುವಿಗೆ, ಅಜ್ಜ ರಾಗಿಯ ನಡುವೆ ಅಲಸಂದೆ, ಅವರೆಯಂಥ ಕಾಳುಗಳ ಅಕ್ಕಡಿ ಸಾಲು ಬಿಡುತ್ತಿದ್ದುದೇಕೆ ಎಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಪ್ರಯೋಗಾಲಯವೂ ಬೇಡ, ಅನುದಾನವೂ ಬೇಡ.

ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಮೈಸೂರಿನ ಕಾರಂಜಿ ಕೆರೆ ದಂಡೆಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಗಳಿಗೆ ಪ್ರವಾಸ ಹೋಗುವುದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಬಸ್ಸಿನಿಂದಿಳಿದು ಒಂದು ಗಂಟೆ ಸುತ್ತಾಡಿದ ಮಾತ್ರಕ್ಕೆ ಗಮನಿಸುವ ಅಭ್ಯಾಸ ಬೆಳೆಯುವುದಿಲ್ಲ. ಮಾಡುತ್ತಾ ಕಲಿಯುವುದು ನಮಗೆ ಹೊಸತೂ ಅಲ್ಲ. 'ನಲಿ-ಕಲಿ' ಮೊಳೆತದ್ದೇ 1995ರಲ್ಲಿ, ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕೆಳ ತರಗತಿಗಳಲ್ಲಿ ಸಿಕ್ಕ ಆ ಸ್ವಾತಂತ್ರ್ಯ ವಿಜ್ಞಾನ ಪ್ರತ್ಯೇಕ ವಿಷಯವಾಗುವ ಹೊತ್ತಿಗೆ ಕಳೆದುಹೋಗುತ್ತಿದೆ.

ಮುಖ್ಯಶಿಕ್ಷಕರ ಹಿಂಜರಿಕೆ ಅರ್ಥವಾಗುವಂಥದ್ದೇ. ಮಗುವಿಗೆ ಮುಳ್ಳು ಚುಚ್ಚಿದರೂ ಉತ್ತರಿಸಬೇಕಾದವರು ಅವರು. ನಾಲೆಯ ಅವಘಡಗಳನ್ನು ಕಂಡಿರುವ ಈ ಜಿಲ್ಲೆಯಲ್ಲಿ ಮಕ್ಕಳನ್ನು ನೀರಿನ ಬಳಿಗೆ ಕರೆದೊಯ್ಯಿರಿ ಎಂದು ಯಾರೂ ಹೇಳಲಾರರು. ಆದ್ದರಿಂದ ಶಾಲೆಗೆ ಹೊಂದಿಕೊಂಡ ಹೊಲಕ್ಕೆ, ಮಾಲೀಕರ ಒಪ್ಪಿಗೆ ಪಡೆದು, ಇಬ್ಬರು ಶಿಕ್ಷಕರೊಂದಿಗೆ ಹೋಗಿಬರಲು ಶಿಕ್ಷಣ ಇಲಾಖೆಯೇ ಲಿಖಿತ ಅನುಮತಿ ನೀಡಬೇಕು. ಚಟುವಟಿಕೆಯ ಅಂಕಗಳನ್ನು ಮಗು ತನ್ನ ಕೈಯಾರೆ ಬರೆದ ವೀಕ್ಷಣಾ ಪುಸ್ತಕಕ್ಕೆ ಮೀಸಲಿಡಬೇಕು. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಬ್ಯಾಗಿಲ್ಲದ ಶನಿವಾರಗಳಲ್ಲಿ ಒಂದನ್ನು ಇದಕ್ಕೆ ಬಳಸಬಹುದು. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನಿಗಳು ಹೋಬಳಿಗೊಂದು ದಿನ ಶಿಕ್ಷಕರಿಗೆ ತರಬೇತಿ ನೀಡಲು ಒಪ್ಪಿ, ಅಲಸಂದೆ ಹೂ ಬಿಡುವ ಮೊದಲೇ ಸುತ್ತೋಲೆ ಹೊರಬಿದ್ದರೆ ಈ ಮುಂಗಾರಿನಲ್ಲೇ ಆರಂಭಿಸಬಹುದು.

– ನಿವೃತ್ತ ವಿಜ್ಞಾನ ಶಿಕ್ಷಕ, ಮಂಡ್ಯ